ಎರಡೂ ಕಾಲು ಕೆಳಗೆ

ಬಸಲಿಂಗವ್ವ ಬ್ರೇಕ್ ಒತ್ತಿದಾಗಲೆಲ್ಲ ಕಾರು ಒಮ್ಮೆ ಮುಂದಕ್ಕೆ ಜಿಗಿದು ಬಂದ್ ಬೀಳುತ್ತಿತ್ತು. ಹಿಂದಿನ ಸೀಟಿನಲ್ಲಿ ಕುಳಿತ ನಾನು ನಗುತ್ತಿದ್ದೆ. ಮೊದಮೊದಲು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ, ಆಮೇಲೆ ಆ ಮರ್ಯಾದೆಯನ್ನೂ ಬಿಟ್ಟೆ.

ನಮ್ಮದು ಇಳಕಲ್ಲಿಗೂ ಹುನಗುಂದಕ್ಕೂ ನಡುವಿನ ಒಂದು ಹಳ್ಳಿ. ಪಂಚಾಯಿತಿಗೆ ಕಸದ ಗಾಡಿ ಬಂದಿತ್ತು. ಅದನ್ನು ಮಹಿಳಾ ಸಂಘದವರೇ ಓಡಿಸಬೇಕೆಂದು ಮೇಲಿನ ಆದೇಶ. ಸಂಘದ ಇಪ್ಪತ್ತು ಹೆಂಗಸರಲ್ಲಿ ಕೈ ಎತ್ತಿದವರು ಇಬ್ಬರೇ, ಬಸಲಿಂಗವ್ವ ಮತ್ತು ನಾನು. ಇಬ್ಬರನ್ನೂ ಹುನಗುಂದದ ಫಕ್ರುಸಾಬರ ಬಳಿ ಕಲಿಯಲು ಕಳಿಸಿದರು. ಬಾಗಲಕೋಟೆಯ ಲೈಸೆನ್ಸ್ ಪರೀಕ್ಷೆಯಲ್ಲಿ ಮೊದಲ ಸಲಕ್ಕೇ ಪಾಸಾದವರಿಗೆ ಚಾವಿ, ಇಬ್ಬರೂ ಪಾಸಾದರೆ ಹಿರಿಯಳಾದ ಬಸಲಿಂಗವ್ವನಿಗೆ ಎಂದು ಮೊದಲೇ ತೀರ್ಮಾನವಾಗಿತ್ತು. ಅಂದರೆ ನನಗೆ ಗಾಡಿ ಸಿಗಬೇಕಾದರೆ ನಾನು ಪಾಸಾದರೆ ಸಾಲದು, ಅವಳು ಫೇಲಾಗಬೇಕಿತ್ತು.

ಅವಳು ನನಗಿಂತ ಎರಡು ವರ್ಷ ದೊಡ್ಡವಳು. ಹನ್ನೊಂದನೆಯ ವಯಸ್ಸಿಗೆ ನನ್ನ ಅವ್ವ ರಾಮವ್ವನ ಕೈಕೆಳಗೆ ನೇಯಲು ನಮ್ಮ ಮನೆಗೆ ಬಂದಳು. ನಮ್ಮ ಕಡೆಯ ಸೀರೆಯ ಮಗ್ಗ ನೆಲದಲ್ಲಿ ತೋಡಿದ ಕುಣಿಯ ಮೇಲಿರುತ್ತದೆ. ಕುಣಿಯ ಅಂಚಿಗೆ ಕುಳಿತು, ಕಾಲನ್ನು ಒಳಗೆ ಇಳಿಬಿಟ್ಟು, ತಳದಲ್ಲಿರುವ ಎರಡು ಹಲಗೆಗಳನ್ನು ತುಳಿಯುತ್ತಿರಬೇಕು. ಆ ಕುಣಿಗೆ ಇಳಿಯಬೇಕಾದವಳು ನಾನು. ಅವಳು ಇಳಿದಳು, ನಾನು ಪಾಟಿಚೀಲ ಹಾಕಿಕೊಂಡು ಸಾಲಿಗೆ ಹೋದೆ. ಇದನ್ನು ಅವ್ವ ಎಂದೂ ಮರೆಯಲು ಬಿಡಲಿಲ್ಲ. "ಬಸಲಿಂಗಿ ನೇಯ್ದದ್ದಕ್ಕ ನೀ ನಾಕಕ್ಷರ ಕಲ್ತಿ" ಎಂದು ಊಟಕ್ಕೆ ಕುಳಿತಾಗಲೆಲ್ಲ ಹೇಳುತ್ತಿದ್ದಳು. ನಾನು ಗಂಡನನ್ನು ಬಿಟ್ಟು ತವರಿಗೆ ಬಂದು ಕುಳಿತ ಮೇಲಂತೂ ದಿನಕ್ಕೆರಡು ಸಲ ಹೇಳಿದಳು. ಒಬ್ಬಳ ಋಣವನ್ನು ಇಷ್ಟು ವರ್ಷ ಕೇಳಿಸಿಕೊಂಡರೆ ಅವಳ ಮೇಲೆ ಪ್ರೀತಿ ಹುಟ್ಟುವುದಿಲ್ಲ. ಸಿಟ್ಟು ಹುಟ್ಟುತ್ತದೆ. ನನಗೆ ಹುಟ್ಟಿತು.

ಈಗ ಬಸಲಿಂಗವ್ವನ ಮೊಣಕಾಲು ಬಾತುಕೊಂಡಿದ್ದವು. ಕುಣಿಯ ಥಂಡಿಯಲ್ಲಿ ಇನ್ನೆರಡು ವರ್ಷ ಕುಳಿತರೆ ಎದ್ದು ನಡೆಯುವುದೇ ಕಷ್ಟ ಎಂದು ದವಾಖಾನೆಯಲ್ಲಿ ಹೇಳಿದ್ದರು. ಬೇರೆ ಕೆಲಸ ಅವಳಿಗೆ ಗೊತ್ತಿರಲಿಲ್ಲ. ಆ ಕಸದ ಗಾಡಿಯೊಂದೇ ಅವಳಿಗಿದ್ದ ದಾರಿ.

ಫಕ್ರುಸಾಬರು ಮೂವತ್ತು ವರ್ಷ ಲಾರಿ ಓಡಿಸಿದವರು, ಬಾಯಿ ಭಾಳ ಖಾರ. ತಮ್ಮ ಬಿಳಿ ಟೊಪ್ಪಿಗೆಯನ್ನು ತೆಗೆದು ಸ್ಟೇರಿಂಗಿನ ಆಚೆ, ಗಾಜಿನ ಕೆಳಗೆ ಇಡುತ್ತಿದ್ದರು. ಗಾಡಿ ನಿಲ್ಲಿಸುವಾಗ ಟೊಪ್ಪಿಗೆ ಬಿದ್ದರೆ ಇಳಿದು ಮೈದಾನಕ್ಕೆ ಒಂದು ಸುತ್ತು ಹಾಕಿ ಬರಬೇಕು.

"ಬ್ರೇಕ್ ಒತ್ತು. ಗಾಡಿ ನಿಲ್ಲಾಕ ಬಂತು ಅನ್ನೂದ್ರಾಗ ಕ್ಲಚ್ ಪೂರಾ ಒತ್ತು. ನಿಂತ ಮ್ಯಾಲೆ ಎರಡೂ ಕಾಲು ಕೆಳಗs ಇರಬೇಕು. ಆಮ್ಯಾಲ ನ್ಯೂಟ್ರಲ್. ಇದ್ರಾಗ ತಿಳೀದ ಮಾತು ಯಾವ್ದೈತಿ?"

"ತಿಳಿದೈತ್ರಿ" ಎನ್ನುತ್ತಿದ್ದಳು ಬಸಲಿಂಗವ್ವ. ಬಲಗಾಲು ಬ್ರೇಕಿನ ಮೇಲೆ ಇಳಿಯುತ್ತಿತ್ತು, ಅದೇ ಕ್ಷಣಕ್ಕೆ ಎಡಗಾಲು ಕ್ಲಚ್ ಬಿಟ್ಟು ಮೇಲೇಳುತ್ತಿತ್ತು. ಕಾರು ಜಿಗಿಯುತ್ತಿತ್ತು, ಟೊಪ್ಪಿಗೆ ಅವಳ ಮಡಿಲಿಗೆ ಬೀಳುತ್ತಿತ್ತು. ಅವಳು ಅದನ್ನು ಒರೆಸಿ ಕೈಗೆ ಕೊಟ್ಟು, ಮೊಣಕಾಲು ಹಿಡಿದುಕೊಂಡು ಇಳಿದು, ಬಿಸಿಲಲ್ಲಿ ಸುತ್ತು ಹಾಕುತ್ತಿದ್ದಳು. ಒಂದೇ ದಿನ ಒಂಬತ್ತು ಸುತ್ತು ಹಾಕಿದಳು. ನಾನು ಕಾರಿನ ನೆರಳಲ್ಲಿ ನಿಂತು ಲೆಕ್ಕ ಹಿಡಿದೆ.

ಆ ಸಂಜೆ ಮನೆಯಲ್ಲಿ ಅವಳ ಹಾಗೆ ಕಾಲು ಎತ್ತಿ ಇಳಿಸಿ ಅವ್ವನಿಗೆ ನಟಿಸಿ ತೋರಿಸಿದೆ. ಅವ್ವ ನಗಲಿಲ್ಲ. ಕೈಯಲ್ಲಿದ್ದ ರೊಟ್ಟಿಯನ್ನು ತಾಟಿಗೆ ಹಾಕಿದಳು.

"ಅಯ್ಯ, ಅದು ಮಗ್ಗದ ಕಾಲವ್ವಾ. ಒಂದು ತುಳಿದ್ರ ಇನ್ನೊಂದು ಎತ್ತೂದು. ಎರಡೂ ಕೂಡೇ ತುಳಿದ್ರ ಲಾಳಿ ಸಿಗಬಿದ್ದು ಎಳಿ ಹರೀತಾವ. ಸಣ್ಣಾಕಿದ್ದಾಗ ಹಂಗ ತುಳಿದ್ರ ನಾನs ಬಿದರ ಕಡ್ಡೀಲೆ ಕಾಲಿನ ಮ್ಯಾಲೆ ಹೊಡೀತಿದ್ದೆ." ತಾಟನ್ನು ಆಚೆ ಸರಿಸಿ ಮತ್ತೆ ಹೇಳಿದಳು. "ನಾಳೆ ಅಕಿಗಿ ಹೇಳು. ಗಾಡ್ಯಾಗ ಮಗ್ಗ ಮರೀಬೇಕು ಅನ್ನು. ಎಡಗಾಲು ಏಳಾಕ ಬಂದ್ರ ಹಲ್ಲು ಕಚ್ಚಿ ಒತ್ತಿ ಹಿಡಿ ಅನ್ನು. ಮರೀಬ್ಯಾಡ."

"ಹೇಳ್ತೇನಿ" ಎಂದೆ. ಮರುದಿನ ಹೇಳಲಿಲ್ಲ. ಅದರ ಮರುದಿನವೂ ಹೇಳಲಿಲ್ಲ. ಮರೆತಿದ್ದೆ ಎಂದು ಬೇಕಾದರೆ ಬರೆಯಬಹುದಿತ್ತು, ಆದರೆ ಮರೆತಿರಲಿಲ್ಲ.

ಅಷ್ಟರಲ್ಲಿ ಅವಳೇ ಒಂದು ಉಪಾಯ ಕಂಡುಕೊಂಡಳು. ನಿಲ್ಲಿಸುವಾಗ ಒಂದು ಕೈಯಿಂದ ತನ್ನ ಎಡಮೊಣಕಾಲನ್ನೇ ಒತ್ತಿ ಹಿಡಿಯತೊಡಗಿದಳು. ಯಾಕೆ ಕಾಲು ಏಳುತ್ತದೆಂದು ಅವಳಿಗೆ ತಿಳಿದಿರಲಿಲ್ಲ. ಏಳಗೊಡಬಾರದು ಎಂದಷ್ಟೇ ತಿಳಿದಿತ್ತು. ಕೊನೆಯ ದಿನ ಹತ್ತರಲ್ಲಿ ಏಳು ಸಲ ಟೊಪ್ಪಿಗೆ ಬೀಳಲಿಲ್ಲ. ಫಕ್ರುಸಾಬರು ಮೊದಲ ಬಾರಿಗೆ ಅವಳನ್ನು ನೋಡಿ ನಕ್ಕರು.

"ಕೈ ಬಿಟ್ಟು ಇದ್ನs ಮಾಡವ್ವಾ, ಪಾಸಾಗ್ತಿ" ಎಂದರು.

ನನಗೆ ಆ ರಾತ್ರಿ ಊಟ ಸೇರಲಿಲ್ಲ.

ಬಾಗಲಕೋಟೆಯ ಬಸ್ಸಿನಲ್ಲಿ ಬೆಳಿಗ್ಗೆ ಇಬ್ಬರೂ ಒಂದೇ ಸೀಟಿನಲ್ಲಿ ಕುಳಿತಿದ್ದೆವು. ಅವಳು ಮದುವೆಯ ಸೀರೆ ಉಟ್ಟಿದ್ದಳು. ಅಮೀನಗಡ ದಾಟುತ್ತಲೇ ಬುತ್ತಿ ಬಿಚ್ಚಿ, ಸಜ್ಜಿರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿ ಮೊದಲು ನನ್ನ ಕೈಗೆ ಕೊಟ್ಟಳು.

"ಸುರೇಖಾ, ನೀ ಹಿಂದ ಕುಂತು ದಿನಾ ನೋಡೀದಿ. ನಾ ಎಲ್ಲಿ ತಪ್ಪಾಕತ್ತೇನಿ, ನಿನಗೇನರ ಕಂಡೈತೇನು? ಕಂಡಿದ್ರ ಹೇಳವ್ವಾ. ಇದೊಂದು ಗಾಡಿ ಸಿಗಲಿಲ್ಲಂದ್ರ ನಾ ಆ ಕುಣ್ಯಾಗs ಮುಗೀತೇನಿ."

ರೊಟ್ಟಿ ನುಂಗಿ ನೀರು ಕುಡಿದೆ. ಆಮೇಲೆ ಅವಳ ಕೈ ಹಿಡಿದುಕೊಂಡೆ.

"ನೀ ಅಂಜತಿ ಅಕ್ಕಾ, ಅದಕ್ಕs ತಪ್ಪತೈತಿ. ಕಾರಿನ್ಯಾಗ ಕುಂತೇನಿ ಅನ್ನೂದs ಮರತಬಿಡು. ನಮ್ಮನಿ ಮಗ್ಗದಾಗ ಕುಂತೇನಿ ಅಂತ ತಿಳ್ಕೊ. ಕಾಲು ತಾವs ದಾರಿ ನೋಡ್ಕೋತಾವ."

ಅವಳ ಮುಖ ಅರಳಿತು. "ಖರೆ ಅಂದಿ ನೋಡು" ಎಂದು ಉಳಿದ ರೊಟ್ಟಿಯನ್ನೂ ನನಗೇ ಕೊಟ್ಟಳು. ತಿಂದೆ. ಚಟ್ನಿ ರುಚಿಯಾಗಿತ್ತು.

ಪರೀಕ್ಷೆಯಲ್ಲಿ ಮೊದಲು ನನ್ನ ಸರದಿ ಬಂತು, ಪಾಸಾದೆ. ನಂತರ ಅವಳು ಹತ್ತಿದಳು. ಬೇವಿನ ಮರದ ಕೆಳಗೆ ನಿಂತು ನೋಡುತ್ತಿದ್ದೆ. ಸ್ಟೇರಿಂಗ್ ಹಿಡಿದು ಒಂದು ಗಳಿಗೆ ಕಣ್ಣು ಮುಚ್ಚಿದಳು. ಬೆನ್ನು ನೆಟ್ಟಗಾಯಿತು, ಹೆಗಲು ಸಡಿಲವಾಯಿತು. ನಮ್ಮ ಮನೆಯಲ್ಲಿ ಇಪ್ಪತ್ತು ವರ್ಷ ನೋಡಿದ ಕೂರುವಿಕೆ ಅದು. ಮೊಣಕಾಲಿಗೆ ಕೈ ಹೋಗಲೇ ಇಲ್ಲ. ಸಾಹೇಬರು ನಿಲ್ಲಿಸಿ ಎಂದಲ್ಲಿ ಬಲಗಾಲು ಇಳಿಯಿತು, ಎಡಗಾಲು ಎದ್ದಿತು, ಕಾರು ಜಿಗಿದು ಬಂದ್ ಬಿತ್ತು. ಏರಿನಲ್ಲಿ ನಿಲ್ಲಿಸಿ ಎಂದಾಗ ಎಡಗಾಲು ಕ್ಲಚ್ಚಿನ ಮೇಲೆ ಇಳಿಯಿತು, ಬ್ರೇಕಿನ ಮೇಲಿನ ಬಲಗಾಲು ಎದ್ದಿತು. ಕಾರು ಹಿಂದಕ್ಕೆ ಉರುಳಿ ಒಂದು ಡ್ರಮ್ಮಿಗೆ ಬಡಿಯಿತು.

"ಇಳೀರಿ" ಎಂದರು ಸಾಹೇಬರು.

ಅವಳು ಇಳಿದು, ತನ್ನ ಎರಡೂ ಕಾಲುಗಳನ್ನು ಯಾರದೋ ಕಾಲುಗಳೆಂಬಂತೆ ನೋಡುತ್ತ ನಿಂತಳು. ಮುಂದಿನ ವಾರ ಚಾವಿ ನನ್ನ ಕೈಗೆ ಬಂತು, ಅವಳು ಕುಣಿಗೆ ಇಳಿದಳು. ನಮ್ಮ ಮನೆಯ ಕುಣಿಗಲ್ಲ, ತನ್ನ ಮನೆಯದಕ್ಕೆ. ನಮ್ಮ ಅಂಗಳದ ಮೂರು ಮೆಟ್ಟಿಲೂ ಅವಳ ಮೊಣಕಾಲಿಗೆ ಭಾರವಾಗಿದ್ದವು.

ನಾಲ್ಕು ತಿಂಗಳು ಅವಳ ಬಾಗಿಲ ಮುಂದೆ ಗಾಡಿ ನಿಲ್ಲಿಸಿದೆ. ಮೈಕಿನ ಹಾಡು ಕೇಳುತ್ತಲೇ ಒಳಗಿನ ಮಗ್ಗದ ಸದ್ದು ನಿಲ್ಲುತ್ತಿತ್ತು. ಬಕೆಟ್ ಹಿಡಿದು ಬಂದು, "ಛಲೋ ನಿಲ್ಲಸ್ತಿ ನೋಡವ್ವಾ, ಒಂದೀಟೂ ಜಿಗಿಸೂದಿಲ್ಲ" ಎಂದು ನಗುತ್ತಿದ್ದಳು. ಆ ನಗೆಯನ್ನು ನಾನು ಸಹಿಸಿಕೊಂಡೆ. ಅವಳಿಗೇನೂ ಗೊತ್ತಿಲ್ಲವೆಂಬುದೇ ನನಗೆ ಸಮಾಧಾನ.

ಕಳೆದ ಸೋಮವಾರ ಬಂದವಳು ನಗಲಿಲ್ಲ. ಬಕೆಟ್ಟನ್ನು ನೆಲಕ್ಕಿಟ್ಟು ಕಿಟಕಿ ಹಿಡಿದು ನಿಂತಳು.

"ನಿನ್ನೆ ನಿಮ್ಮವ್ವ ಬಂದಿದ್ಲು. 'ನಾ ಹೇಳಿ ಕಳಿಸಿದ್ರೂ ನಿನ್ನ ಎಡಗಾಲು ಯಾಕ ಎದ್ದಿತು ಬಸಲಿಂಗೀ' ಅಂದ್ಲು."

ನಾನು ಮುಂದಿನ ಗಾಜನ್ನೇ ನೋಡುತ್ತ ಕುಳಿತೆ.

"ಏನ್ ಹೇಳಿ ಕಳಿಸಿದ್ದಿ ಅಂತ ಕೇಳಿದೆ. ಹೇಳಿದ್ಲು. ನೀ ಬಸ್ಸಿನ್ಯಾಗ ಅಂದದ್ದು ನಾ ಅಕಿಗಿ ಹೇಳಲಿಲ್ಲ. ಮುದಕಿ ಅದಾಳ, ಎದಿ ಒಡಕೋತಾಳ." ಬಕೆಟ್ ಎತ್ತಿ ತಾನೇ ಗಾಡಿಗೆ ಸುರಿದಳು. "ಈ ಕಾಲಿಗಿ ಹೊಡದಾಕಿ ಅಕಿ. ಆದ್ರ ಮುರದಾಕಿ ನೀ."

ಬೈದಿದ್ದರೆ ಬೈದು ಮುಗಿಸುತ್ತಿದ್ದೆ. ಓಣಿ ಸೇರುವಂತೆ ಕೂಗಿದ್ದರೆ ನನಗೂ ಬಾಯಿ ಇತ್ತು. ಅವಳು ನನ್ನ ಅವ್ವನಿಂದ ನನ್ನನ್ನು ಉಳಿಸಿ, ಇನ್ನೊಂದು ಋಣ ಹೊರಿಸಿ ಒಳಗೆ ಹೋದಳು. ಮಗ್ಗ ಮತ್ತೆ ಸದ್ದು ಮಾಡತೊಡಗಿತು. ನನಗೆ ಮೈಯೆಲ್ಲ ಉರಿಯಿತು.

ಮರುದಿನದಿಂದ ಅವಳ ಬಾಗಿಲ ಮುಂದೆ ನಾನು ಗಾಡಿ ನಿಲ್ಲಿಸುವುದಿಲ್ಲ. ಓಣಿ ಇಕ್ಕಟ್ಟು ಎಂದು ಪಂಚಾಯಿತಿಗೆ ಹೇಳಿ, ಏರಿನ ಮೇಲೆ ಹನುಮಪ್ಪನ ಗುಡಿಯ ಹತ್ತಿರ ನಿಲ್ಲಿಸುತ್ತೇನೆ. ಕೆಳಗಿನಿಂದ ಅವಳು ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದು ಕೈಯಲ್ಲಿ ಮೊಣಕಾಲು ಹಿಡಿದುಕೊಂಡು ಹತ್ತಿ ಬರುತ್ತಾಳೆ. ನಡುವೆ ಎರಡು ಸಲ ನಿಲ್ಲುತ್ತಾಳೆ. ನಾನು ಕನ್ನಡಿಯಲ್ಲಿ ನೋಡುತ್ತ, ಎರಡೂ ಕಾಲು ಕೆಳಗೆ ಒತ್ತಿ ಹಿಡಿದುಕೊಂಡು ಕಾಯುತ್ತೇನೆ. ಗಾಡಿ ಒಂದಿಷ್ಟೂ ಅಲುಗುವುದಿಲ್ಲ.