ಊಟದ ಹೊತ್ತಿನ ಲಾಕ್‌ಡೌನ್

ಹೆಡ್‌ಮಾಸ್ಟರ್ ಟಾಡ್ ಡೆನ್ಲಿಂಗರ್ ಸಿಬ್ಬಂದಿ ಸಭೆಯಲ್ಲಿ, ಶಾಲೆಗೆ ಬಂದೂಕುಧಾರಿ ನುಗ್ಗಿದರೆ ಏನು ಮಾಡಬೇಕೆಂಬ ಹನ್ನೆರಡು ಪುಟದ ಯೋಜನೆಯನ್ನು ಓದಿ ಮುಗಿಸಿ, ಯಾರಿಗಾದರೂ ಏನಾದರೂ ಕೇಳುವುದಿದೆಯೇ ಎಂದಾಗ, ಹಿಂದಿನ ಸಾಲಿನಲ್ಲಿದ್ದ ಅಡುಗೆಯ ಬರ್ನಡೆಟ್ ಕೈ ಎತ್ತಿದಳು. ಪೆನ್ಸಿಲ್ವೇನಿಯಾದ ಆ ಪುಟ್ಟ ಊರಿನ ಶಾಲೆಯಲ್ಲಿ ಎಲ್ಲರಿಗೂ ಅವಳು ಮಿಸ್ ಬರ್ನಿ. ಮೂವತ್ತೊಂದು ವರ್ಷದಿಂದ ಮಕ್ಕಳಿಗೆ ಬಡಿಸುತ್ತಿದ್ದವಳು. ಚಿಕ್ಕವನಿದ್ದಾಗ ಟಾಡ್‌ನ ತಟ್ಟೆಗೂ ಬಡಿಸಿದ್ದಳು.

"ಟಾಡ್, ಬಂದೂಕು ಹಿಡಿದವನು ಊಟದ ಹೊತ್ತಿಗೇ ಬಂದ್ರೆ?"

"ಅಂದ್ರೆ?"

"ಲಾಕ್‌ಡೌನ್ ಅಂತ ಮೈಕಲ್ಲಿ ಕೂಗಿದ ತಕ್ಷಣ ಟೀಚರ್‌ಗಳು ಬಾಗಿಲಿಗೆ ಬೀಗ ಹಾಕಿ, ದೀಪ ಆರಿಸಿ, ಮಕ್ಕಳನ್ನ ಮೂಲೇಲಿ ಕೂರಿಸ್ತಾರೆ. ಸರಿ. ಹನ್ನೆರಡು ಗಂಟೆಗೆ ನನ್ನ ಹತ್ರ ನೂರಾ ಮೂವತ್ತೆರಡು ಮಕ್ಕಳಿರ್ತಾರೆ. ಊಟದ ಹಾಲಿಗೆ ಒಂದು ಕಡೆ ಪೂರ್ತಿ ಗಾಜು. ನಿನ್ನ ಹನ್ನೆರಡು ಪುಟದಲ್ಲಿ ನಾವೆಲ್ಲಿದ್ದೀವಿ?"

ಟಾಡ್ ಪುಟ ತಿರುವಿದ. "ಒಂಬತ್ತನೇ ಪುಟ... 'ಹತ್ತಿರದ ತರಗತಿಗೆ ಹೋಗುವುದು.'"

"ಆ ತರಗತಿಗಳಿಗೆ ಅಷ್ಟೊತ್ತಿಗೆ ಬೀಗ ಬಿದ್ದಿರುತ್ತಲ್ಲೋ, ಮಾರಾಯ!"

ಎಲ್ಲರೂ ನಕ್ಕರು. ಟಾಡ್‌ನ ಕಿವಿ ಕೆಂಪಾದರೂ ಮಾತನ್ನು ತಳ್ಳಿಹಾಕುವ ಆಸಾಮಿ ಅವನಲ್ಲ. "ಹಾಗಾದ್ರೆ ನೀವೇ ಒಂದು ದಾರಿ ಹುಡುಕಿ, ಮಿಸ್ ಬರ್ನಿ. ಎರಡು ವಾರ ಕೊಡ್ತೀನಿ" ಎಂದ.

ಬರ್ನಿಗೆ ಅಷ್ಟೇ ಸಾಕಿತ್ತು. ಮರುದಿನ ಮಕ್ಕಳು ಮನೆಗೆ ಹೋದ ಮೇಲೆ ದೊಡ್ಡ ಬೇಕಿಂಗ್ ತಟ್ಟೆಯ ಮೇಲೆ ಹಿಟ್ಟಿನಿಂದ ಊಟದ ಹಾಲಿನ ನಕ್ಷೆ ಗೀಚಿ, ಉಳಿದಿದ್ದ ಆಲೂಗಡ್ಡೆ ಉಂಡೆಗಳನ್ನು ಮಕ್ಕಳೆಂದು ಸಾಲಾಗಿ ಇಟ್ಟಳು. ಶಾಲೆಯ ಬಾಗಿಲು, ಬೀಗ, ದೀಪ ನೋಡಿಕೊಳ್ಳುವ ಲೀರಾಯ್ ಅದನ್ನು ನೋಡುತ್ತ ನಿಂತವನು ಒಂದನ್ನೆತ್ತಿ ಬಾಯಿಗೆ ಹಾಕಿಕೊಂಡ.

"ಲೀರಾಯ್, ಅದು ಎರಡನೇ ಕ್ಲಾಸಿನ ಮಗು ಕಣೋ!"

"ಉಪ್ಪು ಕಮ್ಮಿ ಆಗಿದೆ."

ನಗುತ್ತಲೇ ಇಬ್ಬರೂ ಲೆಕ್ಕ ಹಾಕಿದರು. ಊಟದ ಹಾಲಿನ ಒಂದು ತುದಿಯಲ್ಲಿದ್ದ ವೇದಿಕೆಯ ಕಡೆಯ ಮೇಜುಗಳ ಮಕ್ಕಳು ಪರದೆಯ ಹಿಂದಿನ ವಾದ್ಯಗಳ ಕೋಣೆಗೆ. ಅಡುಗೆಮನೆ ಕಡೆಯವರು ಒಳಗಿನ ದಿನಸಿ ಕೋಣೆಗೆ. ಎರಡಕ್ಕೂ ಕಿಟಕಿಯಿಲ್ಲ, ಎರಡಕ್ಕೂ ಗಟ್ಟಿ ಬೀಗ. ಅಡುಗೆಮನೆಯ ಫ್ಯಾನಿನ ಸದ್ದಿನಲ್ಲಿ ಮೈಕು ಕೇಳುವುದೇ ಇಲ್ಲವೆಂದು ಲೀರಾಯ್ ಒಲೆಯ ಮೇಲೆ, ಲಾಕ್‌ಡೌನ್ ಕೂಗಿದೊಡನೆ ಹತ್ತುವ ಕೆಂಪು ದೀಪವೊಂದನ್ನು ಹಾಕಿಕೊಟ್ಟ.

ಮೊದಲ ಅಭ್ಯಾಸ ರಾದ್ಧಾಂತವಾಯಿತು. ಮಕ್ಕಳು ತಟ್ಟೆ ಬಿಡಲೊಲ್ಲರು, ಒಬ್ಬಳು ಚೆಲ್ಲಿದ ಹಾಲಿನ ಮೇಲೆ ಜಾರಿದಳು, ಅಡುಗೆಮನೆ ಬಾಗಿಲಲ್ಲಿ ಅರವತ್ತು ಮಕ್ಕಳು ಸಿಕ್ಕಿಹಾಕಿಕೊಂಡರು. ಬರ್ನಿ ಕೊರಳಿಗೆ ನೇತುಹಾಕಿಕೊಂಡಿದ್ದ ಸ್ಟಾಪ್‌ವಾಚ್ ಗಡಿಯಾರ ನೋಡಿದರೆ ನಾಲ್ಕು ನಿಮಿಷ ಹತ್ತು ಸೆಕೆಂಡು.

"ಬಾಗಿಲು ಊಟದ ಹಾಲಿನ ಕಡೆಗೆ ತೆರ್ಕೊಳ್ಳುತ್ತೆ, ಅದಕ್ಕೇ" ಎಂದ ಲೀರಾಯ್, ಅದೇ ಸಂಜೆ ಅದನ್ನು ಕಳಚಿ ಒಳಕ್ಕೆ ತೆರೆಯುವಂತೆ ಕೂರಿಸಿದ.

ಬರ್ನಿ ಮಕ್ಕಳ ಎದುರು ಕುರ್ಚಿ ಹತ್ತಿ ನಿಂತಳು. "ಕೇಳ್ರಪ್ಪಾ, ಮೈಕು ಕೂಗಿದ್ರೆ, ಕೆಂಪು ದೀಪ ಹತ್ತಿದ್ರೆ ಪಿಜ್ಜಾನೂ ಬಿಡಬೇಕು, ಪಕ್ಕದವರ ಕೈ ಹಿಡೀಬೇಕು, ಮಾತಿಲ್ಲ. ಒಂದು ನಿಮಿಷದೊಳಗೆ ಆಗುತ್ತಾ?"

"ಆಗುತ್ತೇ!"

ಎರಡನೇ ಸಲ ಒಂದು ನಿಮಿಷ ಐವತ್ತು ಸೆಕೆಂಡು. ಮೂರನೇ ಸಲ ಐವತ್ತೆಂಟು ಸೆಕೆಂಡು! ದಿನಸಿ ಕೋಣೆಯೊಳಗೆ ಮಕ್ಕಳು ಸದ್ದಿಲ್ಲದೆ ಕುಣಿದರು. ಟಾಡ್ ಹೊಸ ಪುಟ ಬರೆದು ಯೋಜನೆಗೆ ಸೇರಿಸಿದ.

ಮಾರ್ಚ್ ತಿಂಗಳ ಒಂದು ಗುರುವಾರ, ಹನ್ನೆರಡೂ ಕಾಲಿಗೆ, ಕೆಂಪು ದೀಪ ಹತ್ತಿತು.

ಅಂದು ಅಭ್ಯಾಸವಿರಲಿಲ್ಲ. ಬರ್ನಿ ಫ್ಯಾನ್ ಆರಿಸಿದಳು. ಮೈಕಿನಲ್ಲಿ ಟಾಡ್‌ನ ಧ್ವನಿ ನಡುಗುತ್ತಿತ್ತು. "ಲಾಕ್‌ಡೌನ್. ಲಾಕ್‌ಡೌನ್." ಅವಳ ಬೆರಳು ತಾನಾಗಿಯೇ ಗಡಿಯಾರವನ್ನು ಒತ್ತಿತ್ತು. ಒಲೆ ಆರಿಸಿ, ಬಡಿಸುವ ಕಟ್ಟೆಯ ಶಟರ್ ಎಳೆದು, ಅಡುಗೆಮನೆ ಬಾಗಿಲಿಗೆ ಬಂದಳು. ಮಕ್ಕಳು ಆಗಲೇ ಹೊರಟಿದ್ದರು! ತಟ್ಟೆಗಳು ಮೇಜಿನ ಮೇಲೆ, ಕೈಯಲ್ಲಿ ಕೈ, ಇರುವೆ ಸಾಲಿನ ಹಾಗೆ. ಆಚೆ ಲೀರಾಯ್ ಪರದೆ ಎತ್ತಿ ಹಿಡಿದಿದ್ದ. ಕೊನೆಯ ಮಗುವನ್ನು ದಿನಸಿ ಕೋಣೆಯೊಳಗೆ ಎಳೆದು ಬೀಗ ತಿರುಗಿಸಿದಳು, ದೀಪ ಆರಿಸಿದಳು.

ಕತ್ತಲು, ಬಾಗಿಲ ಸಂದಿಯ ಒಂದು ಗೆರೆ ಬೆಳಕು, ಹಿಟ್ಟಿನ ವಾಸನೆ, ಅರವತ್ನಾಲ್ಕು ಮಕ್ಕಳ ಉಸಿರು. ಬರ್ನಿ ಕಬ್ಬಿಣದ ಬಾಣಲೆ ಹಿಡಿದು ಬಾಗಿಲ ಪಕ್ಕ ನಿಂತಳು.

"ಹಿಕ್!"

ಮೂರನೇ ಕ್ಲಾಸಿನ ಕೇಲಬ್. ಅವನ ಕಣ್ಣು ತುಂಬಿತ್ತು. ಬರ್ನಿ ಮೆಲ್ಲಗೆ ಚೀಲದಿಂದ ಒಂದು ಚಿಟಿಕೆ ಸಕ್ಕರೆ ತೆಗೆದು ಅವನ ನಾಲಿಗೆಗಿಟ್ಟಳು. "ಚೀಪು ಮರಿ, ನುಂಗಬೇಡ" ಎಂದು ಕಿವಿಯಲ್ಲಿ ಉಸುರಿದಳು. ಬಿಕ್ಕಳಿಕೆ ನಿಂತಿತು. ಪಕ್ಕದವಳು ತಾನೂ ನಾಲಿಗೆ ಚಾಚಿದಳು. ಹಾಗೆ ಒಬ್ಬೊಬ್ಬರಿಗೂ ಒಂದೊಂದು ಚಿಟಿಕೆ ಆಯಿತು.

ಮೂವತ್ತೆಂಟು ನಿಮಿಷದ ಮೇಲೆ ಹೊರಗಡೆಯಿಂದ ಬೀಗದಲ್ಲಿ ಕೀಲಿ ತಿರುಗಿತು. ಬರ್ನಿ ಬಾಣಲೆ ಎತ್ತಿದಳು.

"ನಾನು! ನಾನು ಟಾಡ್! ಅದನ್ನ ಇಳಿಸಿ!"

ಅವನ ಹಿಂದೆ ಪೊಲೀಸರಿದ್ದರು. ಪೆಟ್ರೋಲ್ ಬಂಕಿನಲ್ಲಿ ಪಿಸ್ತೂಲು ತೋರಿಸಿ ಓಡಿದವನೊಬ್ಬ ಶಾಲೆಯ ಬೇಲಿ ಹಾರಿ, ಊಟದ ಹಾಲಿನ ಗಾಜಿನ ಪಕ್ಕದಲ್ಲೇ ಹಾದುಹೋಗಿದ್ದನಂತೆ. ಅವನಿಗೆ ಒಳಗೆ ಕಂಡದ್ದು ಬರೀ ತಟ್ಟೆಗಳು. ಎರಡು ಬೀದಿ ದಾಟಿದ ಮೇಲೆ ಸಿಕ್ಕಿಬಿದ್ದ. ಯಾರಿಗೂ ಏನೂ ಆಗಿರಲಿಲ್ಲ.

ಬರ್ನಿ ಅಕ್ಕಿ ಚೀಲದ ಮೇಲೆ ಕುಸಿದು ಕೂತಳು. ಟಾಡ್ ಮೊಣಕಾಲೂರಿ ಅವಳ ಎರಡೂ ಕೈ ಹಿಡಿದುಕೊಂಡ.

"ಮಿಸ್ ಬರ್ನಿ, ಎಷ್ಟಾಯ್ತು? ಎಷ್ಟಾಯ್ತು?" ಕೇಲಬ್ ಅವಳ ಏಪ್ರನ್ ಎಳೆಯುತ್ತಿದ್ದ.

ಅವಳು ಗಡಿಯಾರವನ್ನು ಬೆಳಕಿಗೆ ಹಿಡಿದಳು. ಬೀಗ ಹಾಕಿದಾಗಲೇ ಅದನ್ನು ನಿಲ್ಲಿಸಿದ್ದಳು.

"ನಲವತ್ತೇಳು ಸೆಕೆಂಡು."

ಅರವತ್ನಾಲ್ಕು ಮಕ್ಕಳು ಒಟ್ಟಿಗೆ ಕಿರುಚಿದರು. ಸದ್ದು ಊಟದ ಹಾಲನ್ನು ದಾಟಿತು. ಪರದೆಯ ಹಿಂದಿನಿಂದ ಉಳಿದವರೂ ಓಡಿ ಬಂದು ಕಿರುಚತೊಡಗಿದರು. ಬರ್ನಿ ಕಣ್ಣೊರೆಸಿಕೊಂಡು ಎದ್ದಳು, ಒಲೆ ಹಚ್ಚಿದಳು.

"ಸಾಲಾಗಿ ಬನ್ರೋ, ಎಲ್ಲರಿಗೂ ಮತ್ತೆ ಬಿಸಿ ಮಾಡ್ಕೊಡ್ತೀನಿ."