ತಿರುಗಿ ದಾಟಿದ್ದು

ಅಂಗಿಯ ಮೂರನೆಯ ಗುಂಡಿಗೆ ಅಮರನಾಥ್ ಸೋತ. ಬೆರಳುಗಳು ಅರ್ಧ ಮಡಚಿಕೊಂಡು ನಿಂತುಬಿಟ್ಟಿದ್ದವು.

"ಅನಿತಾ, ಈ ಗುಂಡಿ ಒಂದು…"

"ಟೀ ಶರ್ಟ್ ಹಾಕ್ಕೊಂಡು ಹೋಗಿ. ಯಾರು ಕೇಳ್ತಾರೆ?" ಹೆಂಡತಿ ಊಟದ ಡಬ್ಬಿಯನ್ನು ಕೋಣೆಯ ಬಾಗಿಲಲ್ಲಿದ್ದ ಸ್ಟೂಲಿನ ಮೇಲಿಟ್ಟು ಹಿಂದೆ ಸರಿದಳು.

ಆ ಸ್ಟೂಲನ್ನು ಅಲ್ಲಿ ಇಡಿಸಿದವನು ಅವನೇ. ಜ್ವರ ಬಂದ ಮೊದಲ ದಿನ, ಇದು ವೈರಲ್ಲು, ಯಾರೂ ಹತ್ತಿರ ಬರಬೇಡಿ, ಏನಿದ್ದರೂ ಇದರ ಮೇಲಿಡಿ ಎಂದು ಜೀವಶಾಸ್ತ್ರದ ಮೇಷ್ಟರ ಗತ್ತಿನಲ್ಲಿ ಅಪ್ಪಣೆ ಕೊಟ್ಟಿದ್ದ. ವಾರ ಕಳೆದು ರಕ್ತಪರೀಕ್ಷೆಯಲ್ಲಿ ಚಿಕೂನ್‌ಗುನ್ಯಾ ಎಂದು ಬಂತು. ಸೊಳ್ಳೆಯಿಂದ ಬರುವುದು, ಮುಟ್ಟಿದರೆ ಅಂಟುವುದಲ್ಲ ಎಂದು ಎರಡು ಸಲ ಹೇಳಿದ. ಮೊದಲಿನ ಮಾತನ್ನು ಶಿರಸಾವಹಿಸಿದ್ದ ಮನೆ ಎರಡನೆಯದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಜ್ವರ ಬಿಟ್ಟು ನಲವತ್ತು ದಿನ. ನೋವೂ ಹೋಗಿಲ್ಲ, ಸ್ಟೂಲೂ ಹೋಗಿಲ್ಲ.

ಮಾಲೂರಿನಿಂದ ಮಾಸ್ತಿಯವರೆಗೆ ಬಸ್ಸು ಹಳ್ಳಕ್ಕಿಳಿದಾಗಲೆಲ್ಲ ಮೊಣಕಾಲು, ಹಿಮ್ಮಡಿ, ಸೊಂಟ ಸರದಿಯ ಮೇಲೆ ಹಾಜರಿ ಹೇಳಿದವು. ಡಾಕ್ಟರು ಹೇಳಿದ್ದು ಬಾಯಿಪಾಠವಾಗಿತ್ತು: ಪ್ಯಾರಾಸಿಟಮಾಲ್, ಬಿಸಿನೀರಿನ ಶಾಖ, ನಿಧಾನಕ್ಕೆ ಓಡಾಟ, ತಾಳ್ಮೆ. ಮೊದಲ ಮೂರನ್ನು ತಪ್ಪದೆ ಮಾಡುತ್ತಿದ್ದ. ತಾಳ್ಮೆ ಯಾವ ಅಂಗಡಿಯಲ್ಲಿ ಸಿಗುತ್ತದೆಂದು ಆ ಮಹಾನುಭಾವ ಬರೆದುಕೊಟ್ಟಿರಲಿಲ್ಲ.

ಕಾಲೇಜಿನಲ್ಲಿ ಡಸ್ಟರನ್ನು ಎರಡು ಕೈಯಲ್ಲಿ ಹಿಡಿದು ಬೋರ್ಡು ಒರೆಸುತ್ತಿದ್ದುದನ್ನು ಅಟೆಂಡರ್ ಮುನಿಯಲ್ಲಪ್ಪ ನೋಡಿದ.

"ಸಾ, ಅದು ಮಾತ್ರೆಗೆ ಬಗ್ಗಲ್ಲ. ಮಗಳ ಕೈಲಿ ಮೈ ತುಳಿಸ್ಕೊಳಿ. ನಮ್ಮ ಮೊಮ್ಮಗಳು ಒಂದು ವಾರ ತುಳಿದ್ಲು, ಎದ್ದು ಓಡಾಡ್ತಾ ಇದೀನಿ."

"ತುಳಿದ್ರೆ ಹೋಗಲ್ಲ ಮುನಿಯಲ್ಲಪ್ಪ. ವೈರಸ್ಸು ಯಾವತ್ತೋ ಹೋಗಿರ್ತದೆ. ಅದನ್ನ ಓಡಿಸೋಕೆ ಎದ್ದ ನಮ್ಮ ಮೈಯ ಕಾವಲೇ ಕೀಲುಗಳನ್ನ ಬಡೀತಾ ಇರ್ತದೆ."

"ಬೇಲೀನೇ ಎದ್ದು ಹೊಲ ಮೇದಂಗಾಯ್ತು ಬಿಡಿ."

ಅಮರನಾಥ್ ನಗಲಿಲ್ಲ. ತಿಳಿದುಕೊಂಡಿದ್ದರಿಂದ ಒಂದು ಬೆರಳೂ ಸಡಿಲವಾಗಿರಲಿಲ್ಲ.

ಚಿಕ್ಕವನಿದ್ದಾಗ ತನ್ನೂರು ಆವನಿಯಲ್ಲಿ ಅಮರನಾಥನೂ ತುಳಿದವನೇ. ಕಳೆ ಕಿತ್ತು ಬಂದ ಅಪ್ಪ ಬೋರಲು ಬೀಳುತ್ತಿದ್ದ. ಇವನು ಗೋಡೆ ಹಿಡಿದು ಅಪ್ಪನ ಮೈಮೇಲೆ ಕಾಲಿನಿಂದ ಸೊಂಟದವರೆಗೆ ನಡೆಯುತ್ತಿದ್ದ. "ಇಂಕೊಂಚೆಂ ನಾಯನಾ, ಇನ್ನೊಂಚೂರು" ಎಂದು ಅಪ್ಪ ನರಳುತ್ತಿದ್ದ. ಸುಖಕ್ಕೂ ನೋವಿಗೂ ಅಪ್ಪನ ಬಾಯಲ್ಲಿ ಮೊದಲು ತೆಲುಗೇ ಬರುತ್ತಿತ್ತು. ಪಿಯುಸಿಗೆ ಬಂದ ಮೇಲೆ, ಇದರಿಂದ ಏನೂ ಆಗಲ್ಲ ಎಂದು ಇವನು ಬಿಟ್ಟುಬಿಟ್ಟ. ಅಪ್ಪ ಮತ್ತೆ ಕರೆಯಲಿಲ್ಲ. ಈಗ ಗೊತ್ತಾಗುತ್ತಿತ್ತು, ಅಪ್ಪ ಕೇಳಿದ್ದು ಔಷಧಿಯನ್ನಲ್ಲ. ತನಗೂ ಬೇಕಾದದ್ದು ಅಷ್ಟೇ: ಮೈಮೇಲೆ ಮನೆಯವರದೊಂದು ಕೈ, ಇಲ್ಲವೇ ಕಾಲು.

ಸಂಜೆ ಮಗಳು ರಂಜಿತ ಹಾಲ್‌ನಲ್ಲಿ ಮೊಬೈಲು ಹಿಡಿದು ಕೂತಿದ್ದಳು.

"ರಂಜಿತಾ, ಸ್ವಲ್ಪ…"

"ಏನಪ್ಪಾ?"

"ಫ್ಯಾನ್ ಆಫ್ ಮಾಡು."

ಆಫ್ ಮಾಡಿ ಕೂತಳು. ತನ್ನ ಬಾಯಿಯ ಮೇಲೆ ಅವನಿಗೆ ವಿಪರೀತ ಸಿಟ್ಟು ಬಂತು. ಮೊಣಕಾಲು ಹಿಡಿದು ಇಳಿದು ಬರಿ ನೆಲದ ಮೇಲೆ ಬೋರಲು ಮಲಗಿದ, ಅಪ್ಪ ಮಲಗುತ್ತಿದ್ದ ಹಾಗೆಯೇ. ಇದನ್ನೂ ಬಾಯಿಬಿಟ್ಟು ಹೇಳಬೇಕೇ?

"ಅಲ್ಯಾಕೆ ಮಲ್ಗಿದೀರಾ?" ಅಡುಗೆಮನೆಯಿಂದ ಅನಿತ.

"ಸುಮ್ನೆ."

"ಮಾತ್ರೆ ಸ್ಟೂಲ್ ಮೇಲಿದೆ."

ರಂಜಿತ ಎದ್ದ ಸದ್ದು. ಬರಿಗಾಲಿನ ಹೆಜ್ಜೆಗಳು ಹತ್ತಿರ ಬಂದವು, ಪಕ್ಕೆಯ ಹತ್ತಿರ ನಿಂತವು. ಅಮರನಾಥ್ ಉಸಿರು ಬಿಗಿಹಿಡಿದ. ಇಡೀ ಬೆನ್ನೇ ಕಾಯುತ್ತಿತ್ತು.

ಬೆನ್ನ ಮೇಲೆ ಗಾಳಿ ಸುಳಿಯಿತು. ಅವಳು ಆಚೆ ಬದಿಯಲ್ಲಿದ್ದಳು. ಗೋಡೆಯಿಂದ ಚಾರ್ಜರ್ ಕಿತ್ತ ಶಬ್ದ.

"ಅಯ್ಯೋ, ಮಲ್ಗಿರೋರನ್ನ ದಾಟಿದ್ರೆ ಬೆಳೆಯಲ್ಲ ಅಂತಿತ್ತು ಅಜ್ಜಿ."

ಅವಳು ಲಂಗ ಎತ್ತಿ ಹಿಡಿದು, ಎಲ್ಲೂ ತಾಗದ ಹಾಗೆ ಎಚ್ಚರಿಕೆಯಿಂದ, ಬಂದ ಕಡೆಗೇ ತಿರುಗಿ ದಾಟಿದಳು.

"ಸರಿಹೋಯ್ತಪ್ಪಾ. ಇನ್ನು ಬೆಳೀತೀಯ ಬಿಡು," ಎಂದು ನಕ್ಕು ಕೋಣೆಗೆ ಹೋದಳು. ಅಮರನಾಥ್ ಬೆನ್ನು ಸಡಿಲ ಬಿಡದೆ ಹಾಗೇ ಮಲಗಿದ್ದ.