ನಡುಮನೆಯ ಕಂಪ್ಯೂಟರ್

ಭಾನುವಾರ ಬೆಳಗಿನ ಹಾಲನ್ನು ಡೈರಿಗೆ ಹಾಕಿ ಬಂದ ಮೇಲೆ ಮುನಿನಾರಾಯಣಪ್ಪನ ಮನೆಯವರೆಲ್ಲ ನಡುಮನೆಯಲ್ಲಿ ಸೇರುವುದು ರೂಢಿ. ಟಿವಿ ಇದ್ದದ್ದು ಅಲ್ಲಿ. ಅಂದು ಬಂಗಾರಪೇಟೆಯಿಂದ ಅವನ ಅಕ್ಕ ಅಮ್ಮಾಜಮ್ಮನೂ ಬಂದಿದ್ದಳು. ಅವಳೂ ಅವನ ಹೆಂಡತಿ ಸುಕನ್ಯಳೂ ನೆನೆಹಾಕಿದ ಅವರೆಕಾಳನ್ನು ಮುಂದಿಟ್ಟುಕೊಂಡು ಸಿಪ್ಪೆ ಬಿಡುವಂತೆ ಹಿದುಕುತ್ತಿದ್ದರು. ಮಗ ಸಾಯಿಕುಮಾರ್ ಗೋಡೆಗೊರಗಿ ತನ್ನ ಮೊಬೈಲಿನಲ್ಲಿ ಮುಳುಗಿದ್ದ. ಟಿವಿಯಲ್ಲಿ ಮಾತ್ರ ಸೀರಿಯಲ್ ಇರಲಿಲ್ಲ. ಕಪ್ಪು ಪರದೆಯ ಮೇಲೆ ಬಿಳಿ ಇಂಗ್ಲಿಷ್ ಅಕ್ಷರಗಳು ಸಾಲುಸಾಲಾಗಿ ಓಡುತ್ತಿದ್ದವು. ಅದರ ಮುಂದೆ ಚಾಪೆಯ ಮೇಲೆ, ತೊಡೆಯಲ್ಲಿ ಕೀಬೋರ್ಡ್ ಇಟ್ಟುಕೊಂಡು ಮಗಳು ಲಿಖಿತ ಕೂತಿದ್ದಳು.

ಲಿಖಿತ ಕೆಜಿಎಫ್‌ನ ಪಾಲಿಟೆಕ್ನಿಕ್ ಒಂದರಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾದ ಕೊನೆಯ ವರ್ಷದಲ್ಲಿದ್ದಳು. ಪ್ರಾಜೆಕ್ಟಿಗೆ ಕಂಪ್ಯೂಟರ್ ಬೇಕಿತ್ತು. ಲ್ಯಾಪ್‌ಟಾಪ್ ಕೈಗೆಟುಕುವಂಥದ್ದಲ್ಲ. ಮೊಬೈಲಿನ ಮಾತೆತ್ತಿದರೆ ಅಪ್ಪನ ಹುಬ್ಬು ಗಂಟಾಗುತ್ತಿತ್ತು. ಹೆಣ್ಣುಮಗಳ ಕೈಗೆ ಮೊಬೈಲ್ ಬಂದರೆ ಮನೆಯ ಮರ್ಯಾದೆ ಬೀದಿಗೆ ಬರುತ್ತದೆಂದು ಅವನು ಗಟ್ಟಿಯಾಗಿ ನಂಬಿದ್ದ. ಅವಳ ತಮ್ಮನಿಗೆ ಎಸ್ಸೆಸ್ಸೆಲ್ಸಿ ಪಾಸಾದ ವಾರದಲ್ಲೇ ಮೊಬೈಲ್ ಬಂದಿತ್ತು. ಆಗ ಯಾವ ಮರ್ಯಾದೆಯೂ ಅಡ್ಡ ಬಂದಿರಲಿಲ್ಲ.

ದಾರಿ ತೋರಿಸಿದವರು ಲೆಕ್ಚರರ್ ಪುಷ್ಪ ಮೇಡಂ. ಅಂಗೈಯಗಲದ ಒಂದು ಬೋರ್ಡ್ ಬರುತ್ತದೆ, ಇಡೀ ಕಂಪ್ಯೂಟರ್ ಅದರಲ್ಲೇ ಇರುತ್ತದೆ. ಲಿನಕ್ಸ್ ಎಂಬ ಪುಕ್ಕಟೆ ಸಾಫ್ಟ್‌ವೇರನ್ನು ಮೆಮೊರಿ ಕಾರ್ಡಿಗೆ ತುಂಬಿ ಅದಕ್ಕೆ ಸಿಕ್ಕಿಸಿ, ಒಂದು ವೈರನ್ನು ಮನೆಯ ಟಿವಿಗೆ ಕೊಟ್ಟರೆ ಆಯಿತು ಎಂದಿದ್ದರು. ಬೇರೆಲ್ಲ ಮುನಿನಾರಾಯಣಪ್ಪನ ತಲೆಗೆ ಹೋಗಲಿಲ್ಲ. ಟಿವಿ ಎಂಬ ಮಾತು ಹೋಯಿತು. ಮಗಳು ಏನು ಬರೆದರೂ ಅದು ನಡುಮನೆಯ ಗೋಡೆಯ ಮೇಲೆ, ಎಲ್ಲರ ಕಣ್ಣೆದುರು! ತನ್ನ ಉಪಾಯದ ಬಗ್ಗೆ ಅವನಿಗೆ ಎಷ್ಟು ಹೆಮ್ಮೆಯೆಂದರೆ, ಡೈರಿಯ ಮುಂದೆ ಹಾಲಿನ ಕ್ಯಾನ್ ಹಿಡಿದು ನಿಂತವರಿಗೆಲ್ಲ ಅದನ್ನು ವಿವರಿಸಿದ್ದ. ಅವನಿಗೆ ಇಂಗ್ಲಿಷ್ ಅಕ್ಷರ ಕೂಡಿಸಿ ಓದುವಷ್ಟೇ ಬರುತ್ತಿತ್ತು. ಆದರೂ ಮಗಳು ಕೂತಾಗಲೆಲ್ಲ ಹಿಂದೆ ಕುರ್ಚಿ ಹಾಕಿಕೊಂಡು, ಎಲ್ಲ ಅರ್ಥವಾದವನ ಹಾಗೆ ನೋಡುತ್ತಿದ್ದ.

ಲಿಖಿತ ಬೇಡವೆನ್ನಲಿಲ್ಲ. ಸಿಕ್ಕಿದ್ದೇ ಸಾಕೆಂದು ಕೆಲಸಕ್ಕೆ ಕೂತಳು. ತೋಟದ ಬೋರ್‌ವೆಲ್‌ಗೆ ತ್ರೀ ಫೇಸ್ ಕರೆಂಟ್ ಬಂದ ಕೂಡಲೇ ಮನೆಯಲ್ಲಿ ಗಂಟೆ ಹೊಡೆಯುವಂತೆ ಮಾಡುವುದು ಅವಳ ಪ್ರಾಜೆಕ್ಟ್. ಬೋರ್ಡಿನಲ್ಲಿ ಕೆಂಪು ದೀಪ ಉರಿದರೆ ಕರೆಂಟ್ ಇದೆಯೆಂದು, ಹಸಿರು ದೀಪ ಮಿಣುಕಿದರೆ ಅದು ಕಾರ್ಡಿನ ಮೇಲೆ ಓದಿ ಬರೆಯುತ್ತಿದೆಯೆಂದು, ಆಗ ವೈರ್ ಕಿತ್ತರೆ ಕಾರ್ಡ್ ಹಾಳಾಗುತ್ತದೆಂದು ಮನೆಯವರಿಗೆಲ್ಲ ಮೊದಲೇ ಹೇಳಿದ್ದಳು. ಎಲ್ಲರೂ ತಲೆಯಾಡಿಸಿದ್ದರು.

ಆ ಭಾನುವಾರ ಅವಳು ಏನೋ ಒಂದು ಹೊಸ ಸಾಫ್ಟ್‌ವೇರ್ ಹಾಕಿಕೊಳ್ಳುತ್ತಿದ್ದಳು. ಒಂದು ಸಾಲು ಬರೆದು ಎಂಟರ್ ಒತ್ತಿದಳು. ಇನ್ನೊಂದು ಸಾಲು ಮೂಡಿತು. ಅವಳು ಮತ್ತೆ ಟಕಟಕನೆ ಏನೋ ಒತ್ತಿದಳು. ಅವರೆಕಾಳು ಹಿದುಕುತ್ತಿದ್ದ ಅಮ್ಮಾಜಮ್ಮನ ಕೈ ನಿಂತಿತು.

"ಲೇ ನಾರಾಯ್ಣ, ಅಲ್ನೋಡ್ಲಾ. ಉಡುಗಿ ಬೆರಳು ಓಡ್ತೈತೆ, ಟಿವೀಲಿ ಒಂದಕ್ಷರನೂ ಬೀಳ್ತಿಲ್ಲ."

ಮುನಿನಾರಾಯಣಪ್ಪ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ. ಈಗ ಬರೆದದ್ದೇನೆಂದು ಕೇಳಿದ. ಪಾಸ್‌ವರ್ಡ್ ಎಂದಳು ಮಗಳು. ಎಲ್ಲಿದೆ ಎಂದು ಕೇಳಿದ.

"ಅದು ಕಾಣ್ಸಲ್ಲ ಅಪ್ಪ. ಇದ್ರಲ್ಲಿ ಅದಿರೋದೇ ಅಂಗೆ."

ಮೊಬೈಲಿನಲ್ಲಾದರೆ ಚುಕ್ಕೆಗಳಾದರೂ ಬೀಳುತ್ತವೆ ಎಂದು ಸಾಯಿಕುಮಾರ್ ತಲೆ ಎತ್ತದೆ ಒಂದು ಮಾತು ಸೇರಿಸಿದ. ಅಮ್ಮಾಜಮ್ಮ ತಮ್ಮನ ಮುಖ ನೋಡಿದಳು. ಇಷ್ಟು ದಿನ ಊರಿಗೆಲ್ಲ ಹೇಳಿಕೊಂಡ ಉಪಾಯಕ್ಕೆ ಅಕ್ಕನ ಎದುರೇ ತೂತು ಬಿದ್ದಂತಾಗಿ ಮುನಿನಾರಾಯಣಪ್ಪನಿಗೆ ಮೈ ಉರಿಯಿತು.

"ಕಾಣಿಸ್ದಂಗೆ ಬರೆಯೋ ಅಂತದ್ದು ಏನೈತೆ ನಿಂಗೆ?" ಎಂದವನೇ ಎದ್ದು ಹೋಗಿ ಬೋರ್ಡಿನ ವೈರನ್ನು ಗೋಡೆಯ ಪ್ಲಗ್ಗಿನಿಂದ ಕಿತ್ತ. ಹಸಿರು ದೀಪ ಮಿಣುಕುತ್ತಿತ್ತು. ಅವನು ಅದನ್ನು ನೋಡಿದ್ದ, ನೋಡಿಯೇ ಕಿತ್ತ. ಲಿಖಿತ ಚಾಚಿದ ಕೈ ಹಾಗೇ ನಿಂತಿತು.

ಸಂಜೆ ಅವಳು ಮತ್ತೆ ಎಲ್ಲ ಜೋಡಿಸಿ ನೋಡಿದಳು. ಕೆಂಪು ದೀಪ ಉರಿಯಿತು, ಹಸಿರು ದೀಪ ಮಿಣುಕಲಿಲ್ಲ. ಕಾರ್ಡ್ ಕೆಟ್ಟಿತ್ತು. ಹಳೆಯದೊಂದು ಪ್ರತಿ ಕಾಲೇಜಿನ ಲ್ಯಾಬಿನಲ್ಲಿತ್ತು, ದೀಪಾವಳಿಯ ನಂತರ ಬರೆದದ್ದೆಲ್ಲ ಹೋಗಿತ್ತು. ತಾನು ಹೇಳುವ ತನಕ ಕಾಲೇಜಿಗೆ ಹೋಗುವುದು ಬೇಡ ಎಂದು ಅಪ್ಪ ಅಂದೇ ತೀರ್ಮಾನ ಕೊಟ್ಟ. ಪ್ರಾಜೆಕ್ಟ್ ತೋರಿಸುವ ದಿನ ಹತ್ತಿರದಲ್ಲಿತ್ತು; ತೋರಿಸದಿದ್ದರೆ ಈ ವರ್ಷ ಡಿಪ್ಲೊಮಾ ಇಲ್ಲ. ಅಮ್ಮಾಜಮ್ಮ ಹೊರಡುವಾಗ, ಓದಿದ್ದು ಸಾಕು, ತನ್ನ ಕಡೆ ಒಂದು ಗಂಡಿದೆ, ವಿಚಾರಿಸುತ್ತೇನೆ ಎಂದು ಹೇಳಿಹೋದಳು. ಲಿಖಿತ ಅಳಲಿಲ್ಲ. ಬೋರ್ಡನ್ನು ಒಂದು ಬಟ್ಟೆಯಲ್ಲಿ ಸುತ್ತಿಟ್ಟು ಕೊಟ್ಟಿಗೆ ಗುಡಿಸಲು ಹೋದಳು.

ಊರಿಗೆ ಸುದ್ದಿ ಮುಟ್ಟಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮುನಿನಾರಾಯಣಪ್ಪನ ಮಗಳು ಟಿವಿಯಲ್ಲಿ ಯಾರಿಗೂ ಕಾಣದ ಹಾಗೆ ಯಾವನೋ ಹುಡುಗನಿಗೆ ಬರೆಯುತ್ತಿದ್ದಳಂತೆ. ಇಲ್ಲದ ಆ ಹುಡುಗನಿಗೆ ಊರವರು ಒಂದು ಹೆಸರಿಟ್ಟು, ರಾಬರ್ಟ್‌ಸನ್‌ಪೇಟೆಯಲ್ಲಿ ಒಂದು ಆಟೋವನ್ನೂ ಕೊಡಿಸಿದ್ದರು. ಡೈರಿಯ ಹತ್ತಿರ ಹಿರಿಯರಾದ ಚಿಕ್ಕವೆಂಕಟಪ್ಪ ಮುನಿನಾರಾಯಣಪ್ಪನ ಹೆಗಲ ಮೇಲೆ ಕೈಯಿಟ್ಟು, "ಸರಿಯಾದ ಟೈಮಿಗೆ ಇಡಿದೆ ಬಿಡು. ಒಳ್ಳೇದೇ ಮಾಡ್ದೆ," ಎಂದರು.

ಆ ಹೊಗಳಿಕೆ ಅವನಿಗೆ ಕೆನ್ನೆಗೆ ಹೊಡೆದಂತಾಯಿತು. ಯಾವ ಹುಡುಗನೂ ಇಲ್ಲ ಎನ್ನೋಣವೆಂದರೆ ತಾನೇ ಅಲ್ಲವೇ ಮೊದಲು ಇದ್ದಾನೆಂದುಕೊಂಡವನು? ಖಾಲಿ ಕ್ಯಾನ್ ಹಿಡಿದು ಮನೆಗೆ ಬಂದ. ಆ ದಿನಗಳಲ್ಲಿ ಅವನಿಗೆ ನಾಚಿಕೆಯಿತ್ತು ನಿಜ, ಆದರೆ ಅದು ಊರವರ ಎದುರಿನ ನಾಚಿಕೆ. ಮಗಳ ಎದುರು ನಾಚಿಕೊಳ್ಳಬೇಕೆಂದು ಅವನಿಗಿನ್ನೂ ಹೊಳೆದಿರಲಿಲ್ಲ. ಅವಳು ಮಾತ್ರ ಕರೆದರೆ ಬರುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ತಾನಾಗಿ ಒಂದು ಮಾತೂ ಆಡುತ್ತಿರಲಿಲ್ಲ.

ಪುಷ್ಪ ಮೇಡಂ ಅವನ ಮೊಬೈಲಿಗೇ ಫೋನ್ ಮಾಡಿದರು. ಲಿಖಿತ ಯಾಕೆ ಬರುತ್ತಿಲ್ಲ ಎಂದು ಕೇಳಿದರು. ಕಾರ್ಡ್ ಕೆಟ್ಟಿದೆ ಎಂದಷ್ಟೇ ಹೇಳಿದ; ಯಾರು ಕೆಡಿಸಿದರು ಎಂದು ಹೇಳಲು ಬಾಯಿ ಬರಲಿಲ್ಲ. ಹೊಸ ಕಾರ್ಡ್ ತನ್ನಿ, ಲ್ಯಾಬಿನಲ್ಲಿ ತುಂಬಿಕೊಳ್ಳಲಿ, ಹಗಲುರಾತ್ರಿ ಕೂತರೆ ಮುಗಿಸುತ್ತಾಳೆ ಎಂದರು ಮೇಡಂ. ಅವನು ನೋಡೋಣವೆಂದು ಫೋನ್ ಇಟ್ಟ. ಒಲೆಯ ಮುಂದಿದ್ದ ಸುಕನ್ಯ ತಿರುಗಿ ನೋಡದೆಯೇ ಹೇಳಿದಳು: "ಯೋಚ್ನೆ ಮಾಡಿ ಕೀಳ್ಬೇಕಿತ್ತು. ಕಿತ್ತಿದ್ದಾಯ್ತು. ಈಗಾದ್ರೂ ನೋಡಿ."

ಮರುದಿನವೇ ಮಗಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೊರಟ. ರಾಬರ್ಟ್‌ಸನ್‌ಪೇಟೆಯ ಅಂಗಡಿಯಲ್ಲಿ ಕಾರ್ಡ್ ಕೊಂಡು, ಅವಳು ಲ್ಯಾಬಿನಿಂದ ಬರುವವರೆಗೆ ಕಾಲೇಜಿನ ಗೇಟಿನ ಹೊರಗೆ ಕಾದ. ಹೋಗುವಾಗಲೂ ಬರುವಾಗಲೂ ಅವಳು ಅವನ ಹೆಗಲು ಹಿಡಿಯಲಿಲ್ಲ, ಹಿಂದಿನ ಕಂಬಿ ಹಿಡಿದೇ ಕೂತಿದ್ದಳು. ಚಿಕ್ಕಂದಿನಿಂದ ಹೆಗಲು ಹಿಡಿದು ಕೂತವಳು. ದಾರಿಯುದ್ದಕ್ಕೂ ಅವನಿಗೆ ಅದೊಂದೇ ಗೊತ್ತಾಗುತ್ತಿತ್ತು.

ಭಾನುವಾರ ಅವಳು ಮತ್ತೆ ಟಿವಿಯ ಮುಂದೆ ಕೂತು ಎಲ್ಲ ಜೋಡಿಸಿದಳು. ಬಿಳಿ ಅಕ್ಷರಗಳು ಓಡಿ ನಿಂತವು. ಅಂದು ಮಾಡಿದ್ದನ್ನೇ ಮಾಡಿ ತೋರಿಸು ಎಂದ ಅಪ್ಪ. ಅವಳು ಒಂದು ಸಾಲು ಬರೆದು, ಕೀಬೋರ್ಡನ್ನು ಎತ್ತಿ ಅವನ ತೊಡೆಯ ಮೇಲಿಟ್ಟಳು.

"ಒಸ ಪಾಸ್‌ವರ್ಡ್ ಕೇಳ್ತೈತೆ. ನೀನೇ ಆಕು ಅಪ್ಪ. ನಂಗೂ ಏಳ್ಬೇಡ. ನಾನು ಕೂರೋವಾಗೆಲ್ಲ ನೀನೇ ಬಂದು ತೆಗ್ದು ಕೊಡು. ಆಗ ನಿಂಗೆ ಅನುಮಾನ ಇರಲ್ಲ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

ಏನು ಹಾಕುವುದೆಂದು ತೋಚದೆ ಕೊಟ್ಟಿಗೆಯಲ್ಲಿದ್ದ ಹಸುವಿನ ಹೆಸರು ನೆನಪಾಯಿತು. ಒಂದೇ ಬೆರಳಿನಲ್ಲಿ ಒಂದೊಂದು ಅಕ್ಷರವನ್ನೂ ಹುಡುಕಿ ಒತ್ತಿದ. ತಲೆಯೆತ್ತಿ ನೋಡಿದರೆ ಟಿವಿಯಲ್ಲಿ ಏನೂ ಇಲ್ಲ. ಇನ್ನೊಂದು ಒತ್ತಿದ. ಇಲ್ಲ. ಕೆಟ್ಟಿದೆಯೇ ಎಂದು ಮಗಳ ಕಡೆ ನೋಡಿದ. ಬಿದ್ದಿದೆ, ಕಾಣುವುದಿಲ್ಲ ಅಷ್ಟೇ ಎಂದಳು.

ಪಕ್ಕದಲ್ಲಿ ಹೆಂಡತಿ ನಿಂತಿದ್ದಳು. ಮಗ ಮೊಬೈಲ್ ಬಿಟ್ಟು ಇವನ ಬೆರಳನ್ನೇ ನೋಡುತ್ತಿದ್ದ. ಒಂದು ಅಕ್ಷರಕ್ಕೆ ಇಡೀ ಕೀಬೋರ್ಡ್ ಹುಡುಕುವ ತನ್ನ ತಡಕಾಟವೆಲ್ಲ ಅಷ್ಟು ದೊಡ್ಡ ಟಿವಿಯಲ್ಲಿ ಇವರ ಮುಂದೆ ಬೀಳುತ್ತಿಲ್ಲವಲ್ಲ, ಸದ್ಯ, ಎಂದು ಅವನಿಗೆ ಒಂದು ಗಳಿಗೆ ನಿರಾಳವಾಯಿತು. ಮರುಗಳಿಗೆಯೇ ಆ ನಿರಾಳ ಏನೆಂದು ಅರ್ಥವಾಯಿತು. ಮಗಳು ತಪ್ಪಾಗಿ ಒತ್ತಿದ ಪ್ರತಿ ಅಕ್ಷರವನ್ನೂ, ಅಳಿಸಿ ಮತ್ತೆ ಬರೆದ ಪ್ರತಿ ಸಾಲನ್ನೂ ಅವನು ಇಷ್ಟು ದಿನ ಹಿಂದೆ ಕೂತು ನೋಡಿದ್ದ, ಬಂದವರಿಗೆಲ್ಲ ತೋರಿಸಿದ್ದ. ಅವಳಿಗಾಗಿ ಅಂತ ಆ ಮನೆಯಲ್ಲಿದ್ದದ್ದು ಕಾಣಿಸದ ಆ ನಾಲ್ಕು ಅಕ್ಷರ ಮಾತ್ರ. ಅದನ್ನೂ ಸಹಿಸಲಾಗದೆ ವೈರ್ ಕಿತ್ತಿದ್ದ. ಮುನಿನಾರಾಯಣಪ್ಪನ ಕಿವಿಯವರೆಗೆ ನಾಚಿಕೆ ಏರಿತು. ಮಗಳ ಮುಖ ನೋಡಲಾಗದೆ ಕೀಬೋರ್ಡನ್ನೇ ನೋಡುತ್ತ ಕೂತ.

ಎಂಟರ್ ಒತ್ತಿ ಎಂದಳು ಸುಕನ್ಯ. ಒತ್ತಿದ. ಇನ್ನೊಮ್ಮೆ ಅದನ್ನೇ ಹಾಕಬೇಕೆಂದಳು ಮಗಳು. ಹಾಕಿದ. ಆಯಿತು ಎಂದು ಟಿವಿ ತೋರಿಸಿತು.

"ಇದನ್ನ ಬದಲಾಯ್ಸಬೌದಾ?" ಎಂದು ಕೇಳಿದ.

"ಊಂ. ಈಗಿರೋದು ಗೊತ್ತಿದ್ರೆ ಯಾವಾಗ ಬೇಕಾದ್ರೂ."

ಅವನು ಬಗ್ಗಿ ಹಸುವಿನ ಹೆಸರನ್ನು ಅವಳ ಕಿವಿಯಲ್ಲಿ ಹೇಳಿದ. "ಬದಲಾಯ್ಸು ಮಗಾ. ನಂಗೇಳ್ಬೇಡ. ತಪ್ಪು ನಂದು." ಅವಳು ನಗಲಿಲ್ಲ, ಪರವಾಗಿಲ್ಲ ಎನ್ನಲೂ ಇಲ್ಲ. ಕೀಬೋರ್ಡನ್ನು ತನ್ನ ತೊಡೆಗೆ ತೆಗೆದುಕೊಂಡು ಕಾದಳು. ಅವಳು ಕಾಯುತ್ತಿರುವುದು ಯಾತಕ್ಕೆಂದು ತಿಳಿದು ಅವನು ಎದ್ದ. ಹೆಂಡತಿಗೂ ಮಗನಿಗೂ ಸನ್ನೆ ಮಾಡಿ ಹೊರಗೆ ಕರೆದುಕೊಂಡು, ನಡುಮನೆಯ ಬಾಗಿಲನ್ನು ಎಳೆದುಕೊಂಡ.

ಜಗಲಿಯ ಮೇಲೆ ಚಿಕ್ಕವೆಂಕಟಪ್ಪ ಎಲೆಯಡಿಕೆ ಹಾಕುತ್ತ ಕೂತಿದ್ದರು. ಆಗಷ್ಟೇ ಬಸ್ಸಿಳಿದು ಬಂದ ಅಮ್ಮಾಜಮ್ಮ ಗಂಡಿನ ಕಡೆಯ ಸುದ್ದಿ ಹೇಳಲು ಕಾತರದಲ್ಲಿದ್ದಳು. ಮುಚ್ಚಿದ ಬಾಗಿಲು ಕಂಡು ಅದನ್ನು ಮರೆತಳು. ಹುಡುಗಿ ಬಾಗಿಲು ಹಾಕಿಕೊಂಡು ಒಳಗೇನು ಮಾಡುತ್ತಿದ್ದಾಳೆ ಎಂದು ಕೇಳಿದಳು.

"ಬಾಗ್ಲು ಆಕಿದ್ದು ನಾನು ಅಕ್ಕ," ಎಂದ ಮುನಿನಾರಾಯಣಪ್ಪ. ತಲೆ ಎತ್ತಲಾಗಲಿಲ್ಲ, ಆದರೆ ಚಿಕ್ಕವೆಂಕಟಪ್ಪನವರಿಗೂ ಕೇಳುವಷ್ಟು ಜೋರಾಗಿಯೇ ಹೇಳಿದ. "ಅವತ್ತು ಅವ್ಳು ಬರ್ದಿದ್ದು ಪಾಸ್‌ವರ್ಡೇ. ಯಾವ ಉಡುಗನೂ ಇಲ್ಲ, ಆಟೋನೂ ಇಲ್ಲ. ವಿಚಾರಿಸ್ದೆ ವೈರ್ ಕಿತ್ತಾಕಿ, ಊರ ಬಾಯಿಗೆ ಮಗಳನ್ನ ಕೊಟ್ಟೋನು ನಾನು. ನಾಳೆಯಿಂದ ಕಾಲೇಜಿಗೆ ಓಗ್ತಾಳೆ. ಗಂಡಿನ ಮಾತು ಈಗ ಬೇಡ."

ಚಿಕ್ಕವೆಂಕಟಪ್ಪ ಅಗಿಯುವುದನ್ನು ನಿಲ್ಲಿಸಿದರು. ಸರಿ, ಈಗ ಒಳಗೆ ಏನು ಬರೆಯುತ್ತಿದ್ದಾಳೆ ಎಂದು ಕೇಳಿದರು.

"ನಂಗೊತ್ತಿಲ್ಲಣ್ಣ."

ಅಮ್ಮಾಜಮ್ಮನಿಗೆ ತಡೆಯಲಾಗಲಿಲ್ಲ. ತಾನೇ ನೋಡಿ ಬರುತ್ತೇನೆಂದು ಸೆರಗು ಸಿಕ್ಕಿಸಿ ಎದ್ದಳು. ಅಷ್ಟರಲ್ಲಿ ಮುನಿನಾರಾಯಣಪ್ಪ ಬಾಗಿಲಿಗೆ ಅಡ್ಡವಾಗಿ ಹೊಸ್ತಿಲ ಮೇಲೆಯೇ ಕೂತುಬಿಟ್ಟಿದ್ದ.

"ಒಸ್ತಿಲ ಮೇಲೆ ಕೂರಬಾರ್ದು, ಏಳ್ಲಾ," ಎಂದಳು ಅಕ್ಕ.

"ಗೊತ್ತು ಅಕ್ಕ," ಎಂದ ಅವನು. ಏಳಲಿಲ್ಲ.